ಫರಸಿಯೊಳಗಿನ ಗೆರಿ

ಸಂಘದ ರೊಕ್ಕ ಕೂಡಿಸಿ ಎಂಟು ಮಂದಿ ಹೆಂಗಸರು
ಮಲ್ಪೆಗೆ ಹೋಗಿಬಂದೀವಿ.
ಶಹಾಬಾದ್ ಸ್ಟೇಷನ್ನಿನಾಗ ಗಾಡಿ ಹತ್ತುವಾಗ
ಸುಗಲಾಬಾಯಿ ಬಗಲಾಗ ನೂರು ಕಡಕ್ ರೊಟ್ಟಿ,
ಹಲೀಮಾನ ಬುರ್ಖಾದ ಕೆಳಗ ಹೊಸಾ ಬೂಟು,
ನನ್ನ ಉಗುರಿನ ಸಂದಿಯೊಳಗ ಪಾಲಿಶಿನ ಕೆಸರು,
ಎಷ್ಟು ತಿಕ್ಕಿದರೂ ಹೋಗಲಾರದ್ದು.

ಮೊದಲ ದಿನ ಯಾರೂ ನೀರಿಗೆ ಇಳೀಲಿಲ್ಲ.
ದಂಡಿಗೆ ನಿಂತು ನೋಡಿದೆವು, ಸುಮ್ಮನ.
ನಮ್ಮ ಓಣಿಯಾಗ ನಳ ಬಂದರ ಕೊಡಕ್ಕೊಂದು ಜಗಳ.
ಇಲ್ಲಿ ಇಷ್ಟು ನೀರು
ಹಿಂಗ ಬಯಲಿಗೆ ಬಿಟ್ಟಾರ, ಕಾವಲಿಲ್ಲ, ಪಾಳಿ ಇಲ್ಲ.

ಮರುದಿನ ಕಿತ್ತಳಿ ಬಣ್ಣದ ಜಾಕೀಟು ತೊಡಿಸಿ
ಬಾಳೆಹಣ್ಣಿನಂಥಾ ದೋಣಿ ಮ್ಯಾಲೆ ಕೂಡಿಸಿದರು.
ತಿಪ್ಪವ್ವ ಮುದುಕಿ ಎಲ್ಲರಿಗಿಂತ ಮುಂದ.
ನಡುನೀರಿನಾಗ ಬೇಕಂತಲೇ ಹೊಳ್ಳಿಸಿದ ಆ ಹುಡುಗ.
ಮುಳುಗಿ ಎದ್ದು, ಉಗುಳಿ, ಮುದುಕಿ ಅಂದಳು:
"ಯಾವಾಕಿ ಸುರಿವ್ಯಾಳ ಇಷ್ಟು ಉಪ್ಪು?
ಆಕಿ ಕೈಗೆ ಇನ್ನ ಸೌಟು ಕೊಡಬ್ಯಾಡ್ರಿ!"

ತಗಡಿನ ಶೆಡ್ಡಿನಾಗ ಅಪ್ಪಿಯಕ್ಕ ಬಂಗುಡೆ ಹುರಿದು ಕೊಟ್ಟಳು,
ಕೆಂಪನ್ನ ಸಾರಿನಾಗ ಹುಳಿ ಬ್ಯಾರೆ, ಖಾರ ಬ್ಯಾರೆ.
ದಪ್ಪ ಅಕ್ಕಿ ಅನ್ನ ಹಂಗೇ ಉಳೀತು,
ನಾವು ರೊಟ್ಟಿ ಮುರಿದು ಮುರಿದು ಅದ್ದಿಕೊಂಡು ತಿಂದೆವು.
ಆಕಿ ಒಂದು ರೊಟ್ಟಿ ಬೆರಳಿಲೆ ಬಾರಿಸಿ ನೋಡಿ
"ಇದು ಹಪ್ಪಳವಾ?" ಅಂದಳು.
ಶೇಂಗಾ ಹಿಂಡಿ ಹಚ್ಚಿ ಕೊಟ್ಟ ಮ್ಯಾಲೆ ಮಾತಿಲ್ಲ.
ಬೋಟಿಗೆ ಹೋದ ಮಗನಿಗಂತ ನಾಲ್ಕು ತೆಗೆದಿಟ್ಟಳು.

ಮೂರನೇ ಮುಂಜಾನಿ ಎಲ್ಲರೂ ಮಲಗಿದ್ದರು.
ನೀರು ಹಿಂದ ಸರಿದಿತ್ತು, ಬರಿಗಾಲಿಲೆ ಹೋದೆ.
ಹಸಿ ಉಸುಕಿನ ಮ್ಯಾಲೆ ಗೆರಿ,
ಒಂದರ ಬೆನ್ನಿಗೆ ಒಂದು, ಒಂದರ ಬೆನ್ನಿಗೆ ಒಂದು.
ಕಣ್ಣಿಗಿಂತ ಮೊದಲು ಅಂಗಾಲಿಗೆ ಗುರುತು ಹತ್ತಿತು.
ಖಣಿಯಿಂದ ಬಂದ ಹಸಿ ಫರಸಿ ಮ್ಯಾಲೆ
ಇವೇ ಗೆರಿ, ಇಷ್ಟೇ ಅಂತರ.
ಚದರಡಿಗೆ ಇಷ್ಟು ಅಂತ ಕೂಲಿ ತಗೊಂಡು
ಹನ್ನೊಂದು ವರ್ಷ ಅಳಿಸೀನಿ.

ಸುತ್ತಿಗಿ ಹಿಡಕೊಂಡು ಸರ್ವೇಕ್ಕ ಬಂದ ಹುಡುಗಿ
ಒಮ್ಮೆ ಹೇಳಿದ್ದಳು, "ಇಲ್ಲಿ ಸಮುದ್ರ ಇತ್ತು, ಅಕ್ಕಾ."
ಬಿದ್ದು ಬಿದ್ದು ನಕ್ಕಿದ್ದೆವು.
ನಳಕ್ಕ ನೀರು ಬರದೇ ಒಂಬತ್ತನೇ ದಿನ ಅದು.

ತಿರುಗಿ ಬರುವಾಗ ಡಬ್ಬಿ ತುಂಬ ಒಣ ಸಿಗಡಿ ನಾತ.
ಟೀಸಿ ಮೂಗು ಮುಚ್ಚಿಕೊಂಡೇ ಟಿಕೆಟ್ ನೋಡಿದ.
ಯಾರಿಗೂ ಏನೂ ಹೇಳಲಿಲ್ಲ ನಾ.

ಸೋಮವಾರ ಮೊದಲ ಫರಸಿ ಬಂತು, ಗೆರಿ ಇದ್ದದ್ದು.
ಕೈ ಗುಂಡಿ ಮ್ಯಾಲೆ, ಗುಂಡಿ ಒತ್ತಲಿಲ್ಲ.
"ಇನ್ನೂ ಮಲ್ಪೆಯಾಗೇ ಇದ್ದೀಯೇನು?" ಮುಕದ್ದಮ್ ಕೂಗಿದ.
ಹೌದು ಅನ್ನಬೇಕೋ, ಅಲ್ಲ ಅನ್ನಬೇಕೋ.
ಮಷೀನು ಬಿಟ್ಟೆ.
ಹಾಲಿನಂಥಾ ರಾಡಿ ಕಾಲುವಿಗುಂಟ ಹರೀತು.

ತುದಿ ಮುರಿದದ್ದೊಂದು, ಯಾರೂ ಕೊಳ್ಳಲಾರದ್ದು,
ತಲಿ ಮ್ಯಾಲೆ ಹೊತ್ತು ತಂದು ಬಚ್ಚಲದಾಗ ಹಾಕೀನಿ.
ಚರಗಿ ನೀರು ಸುರಿದರ ಗೆರಿಯೊಳಗ ನಿಲ್ಲತದ,
ಒಂದು ಗಳಿಗಿ ಅಲುಗಾಡತದ.
ನಿನ್ನಿ ಬಾಗಲಾ ಹಾಕಿಕೊಂಡು, ಬಗ್ಗಿ,
ನಾಲಿಗಿ ಹಚ್ಚಿ ನೋಡಿದೆ.

ಸಪ್ಪನ್ನ ಕಲ್ಲು.
ಎಲ್ಲಾ ಉಪ್ಪು ಆ ಕಡಿಗೇ ಒಯ್ದಾಳ ಆಕಿ.