ಪಡೆದ ಅಂಕ

ಕಂಕನಾಡಿ ಮಾರ್ಕೆಟ್ಟಿನ ಹಿಂದಿನ ಸಾಲಲ್ಲಿ ನನ್ನ ಅಂಗಡಿ:
ಜೆರಾಕ್ಸ್, ಲ್ಯಾಮಿನೇಶನ್, ರಬ್ಬರ್ ಸ್ಟ್ಯಾಂಪ್,
ಮದುವೆಯ ಕಾಗದ, ಬೊಜ್ಜದ ಕಾಗದ.
ಎರಡಕ್ಕೂ ಒಂದೇ ಫಾಂಟು, ಬಾರ್ಡರು ಮಾತ್ರ ಬೇರೆ.

ಹೋದ ಕರೆಂಟು ಮೂರು ಗಂಟೆಗೆ ಬಂತು, ಜತೆಗೆ ತಾಯಿ ಮಗಳು.
ತಾಯಿಯ ಕಂಕುಳಲ್ಲಿ ಬಿಸ್ಕಿಟಿನ ತಗಡು ಡಬ್ಬ.
"ಇವಳದ್ದೊಂದು ಮಾರ್ಕ್ಸ್ ಕಾರ್ಡ್ ಆಗಬೇಕಿತ್ತು."
ಡುಪ್ಲಿಕೇಟ್ ಮಾಡುವುದಿಲ್ಲ ಬಾಯಮ್ಮ, ಅಂದೆ,
ಪೊಲೀಸು ಕೇಸು ಆಗ್ತದೆ.
"ಡುಪ್ಲಿಕೇಟ್ ಎಲ್ಲಿಂದ ಮಾರಾಯ್ರೆ, ಒರಿಜಿನಲ್ಲೇ ಇಲ್ಲ.
ಇವಳು ಶಾಲೆಗೆ ಹೋದವಳಲ್ಲ, ನಾನೇ ಕಲಿಸಿದ್ದು.
ಓಪನ್ ಸ್ಕೂಲಿನ ಪರೀಕ್ಷೆಯ ಕಾಗದ ಉಂಟು.
ಆದರೆ ಕಾಲೇಜಿನವರಿಗೆ ಗೊತ್ತಾಗಬೇಕಂತೆ
ಅದಕ್ಕೆ ಮೊದಲು ಒಂಬತ್ತು ವರ್ಷ ಎಂತ ಮಾಡಿದ್ದು ಅಂತ.
ನೀವೇ ಬರೆದು ನೀವೇ ಸಹಿ ಹಾಕಿ ಕೊಡಿ ಅಂದರು."

ಡಬ್ಬ ತೆರೆದಾಗ ಸಮುದ್ರದ ವಾಸನೆ.

ನಾನು ಟೈಪಿಸಿದೆ: ಜೀವಶಾಸ್ತ್ರ.
ಬಂದದ್ದು ಬೊಂಡಾಸಿನ ಚಿತ್ರ,
ಮೂರು ಹೃದಯ, ಮೂರಕ್ಕೂ ಬಾಣದ ಗುರುತು,
ಅಂಚಲ್ಲಿ ಶಾಯಿಯ ಕಲೆ,
ಪೆನ್ನಿನದ್ದಲ್ಲ, ಅದರದ್ದೇ.

ಇತಿಹಾಸ.
ಕೆಡವಿದ ಮನೆಗಳ ಹಂಚು ಮಗುಚಿ
ಬೆನ್ನಿನ ಅಚ್ಚಿಗೆ ಕಾಗದವಿಟ್ಟು ಪೆನ್ಸಿಲು ಉಜ್ಜಿದ
ನಲವತ್ತೊಂದು ಹಾಳೆ:
ಮುಚ್ಚಿದ ಕಾರ್ಖಾನೆಗಳ ಹೆಸರು, ಆನೆ, ನಕ್ಷತ್ರ,
ಒಂದರಲ್ಲಿ ಮಾತ್ರ ನಾಯಿಯ ಹೆಜ್ಜೆ,
ಮಣ್ಣು ಹಸಿಯಿದ್ದಾಗ ಹಾದುಹೋದದ್ದು.

ಗಣಿತ.
ಬೆಂಗ್ರೆಯ ಕಡವಿನಲ್ಲಿ ಕೂತು ಬರೆದ
ಒಂದು ವರ್ಷದ ಭರತ ಇಳಿತ.
ನಡುವೆ ಹದಿಮೂರು ದಿನ ಖಾಲಿ.
"ಆಗ ಇವಳ ಪಪ್ಪ ಐಸಿಯುನಲ್ಲಿ," ಅಂದರು ತಾಯಿ.
ಹಾಜರಿ ಎಷ್ಟು ಹಾಕಲಿ ಎಂದು ಕೇಳುವವನಿದ್ದೆ.
"ಅಲ್ಲೊಂದು ಗೆರೆ ಎಳೆಯಿರಿ ಅಂಕಲ್," ಅಂದಳು ಹುಡುಗಿ,
"ಊಹಿಸಿ ತುಂಬಿಸಬಾರದು."

ಆಮೇಲೆ ಪರದೆಗೆ ಬಗ್ಗಿ, ಬಹಳ ಮೆಲ್ಲಗೆ,
"'ವಿದ್ಯಾರ್ಥಿನಿ'ಗೆ ಮಹಾಪ್ರಾಣ ಬೇಕು."
ಇಪ್ಪತ್ತೆರಡು ವರ್ಷದಿಂದ
ನಾನು ಅದನ್ನು ತಕಾರದಲ್ಲೇ ಅಚ್ಚು ಹಾಕಿದ್ದೆ,
ಎಷ್ಟು ಶಾಲೆಗಳ ವಾರ್ಷಿಕೋತ್ಸವಕ್ಕೋ ಏನೋ.

ಪಡೆದ ಅಂಕ?
ತಾಯಿ ಡಬ್ಬದ ಮುಚ್ಚಳ ಒರೆಸಿದರು.
"ಅಂಕ ಕೊಟ್ಟಿಲ್ಲ. ತಪ್ಪಿದರೆ ಇನ್ನೊಮ್ಮೆ ಮಾಡುತ್ತಿದ್ದೆವು."

ನನ್ನ ಡ್ರಾಯರಿನಲ್ಲಿ ನನ್ನದೇ ಎಸ್ಸೆಸ್ಸೆಲ್ಸಿ ಉಂಟು,
ಗಣಿತ ಇಪ್ಪತ್ತೆಂಟು,
ಮಿಷನ್ನು ತಂದ ದಿನ ಟ್ರಯಲಿಗೆ ಲ್ಯಾಮಿನೇಟ್ ಮಾಡಿದ್ದು.
ಯಾರೂ ಕೇಳಿಲ್ಲ ಇದುವರೆಗೆ ಅದನ್ನು.
ಇನ್ನೊಮ್ಮೆ ಮಾಡೋಣ ಅಂತಲೂ ಯಾರೂ ಹೇಳಿಲ್ಲ.

ಆ ಕಾಲಮ್ಮು ಅಳಿಸಿದೆ.
ಉಳಿದವು ಸ್ವಲ್ಪ ಸ್ವಲ್ಪ ಸರಿದು
ಜಾಗ ಹಂಚಿಕೊಂಡವು.

ಕೊನೆಗೆ ಉಳಿದದ್ದು ಶಾಲೆಯ ಹೆಸರು.
ಮನೆಯದ್ದೇ ಹಾಕಿ ಅಂದರು: 'ಸಾಂಜ್', ಜಪ್ಪು.
ಕೊಂಕಣಿಯಲ್ಲಿ ಸಂಜೆ.
ಈವ್ನಿಂಗ್ ಕಾಲೇಜು ಅಂದುಕೊಳ್ಳುತ್ತಾರೆ ಬಾಯಮ್ಮ, ಅಂದೆ.
ಮೂವರೂ ನಕ್ಕೆವು. ಬದಲಿಸಲಿಲ್ಲ.

ತರಗತಿ ಶಿಕ್ಷಕಿ, ಪ್ರಾಂಶುಪಾಲೆ, ಪೋಷಕರು,
ಮೂರು ಚುಕ್ಕೆಗೆರೆ, ಒಂದೇ ಪೆನ್ನು.
ಮೊದಲೆರಡರ ಮೇಲೆ ಸರಸರ ಗೀಚಿದರು,
ನೈಟ್ ಡ್ಯೂಟಿಯ ನರ್ಸು ಔಷಧಿಯ ಚಾರ್ಟಿಗೆ ಹಾಕುವ ಹಾಗೆ.
ಮೂರನೆಯದರಲ್ಲಿ ನಿಂತು
ಪೂರ್ತಿ ಬರೆದರು: ಲೀಡಿಯಾ ಪ್ರೆಸಿಲ್ಲ ಮಿನೇಜಸ್,
ಕೊನೆಯ ಅಕ್ಷರ ಗೆರೆಯಾಚೆ ಹೋಯಿತು.

ಸೀಲಿಗೆ ಚಿಹ್ನೆ ಬೇಕಿತ್ತು. ದೀಪ ಉಂಟು, ತೆರೆದ ಪುಸ್ತಕ ಉಂಟು,
ಕಮಲ ಉಂಟು, ಎಲ್ಲ ರೆಡಿ, ನೋಡಿ ಅಂದೆ.
ಮೆರಿಶಾ ಡಬ್ಬಕ್ಕೆ ಕೈ ಹಾಕಿ
ಆ ನಾಯಿಯ ಹೆಜ್ಜೆ ತೆಗೆದಿಟ್ಟಳು.

ಕಾಲೇಜು ಒಪ್ಪಿತೋ ಇಲ್ಲವೋ ಗೊತ್ತಿಲ್ಲ,
ಅವರು ಮತ್ತೆ ಈ ಕಡೆ ಬಂದಿಲ್ಲ.
ಸೀಲು ಪರೀಕ್ಷಿಸಲು ಕೈಗೆ ಸಿಕ್ಕಿದ
ಯಾರದ್ದೋ ಬೊಜ್ಜದ ಕಾಗದದ ಬೆನ್ನಿಗೆ ಒತ್ತಿದ್ದೆ.
ಅದು ಗಾಜಿನಡಿ ಹಾಗೇ ಉಂಟು:
ನಾಲ್ಕು ಬೆರಳು, ಒಂದು ಅಂಗಾಲು,
ಸುತ್ತ ವೃತ್ತದಲ್ಲಿ ಸಂಜೆ.
ಗಿರಾಕಿಗಳು ಕೇಳುತ್ತಾರೆ, ಎಂತ ಇದು, ನಾಯಿ ಡಾಕ್ಟರದ್ದಾ?
ಹೌದು ಅನ್ನುತ್ತೇನೆ ಕೆಲವು ಸಲ.