ಅಡುಗೆಮನೆಯ ಗೆರೆ

ಬೆಳಿಗ್ಗೆ ಆರಕ್ಕೆ, ಮುಲುಂಡಿನ ಈ ಸೊಸೈಟಿಯಲ್ಲಿ
ನಾನು ಯಾರ ಮುಖವನ್ನೂ ನೋಡುವುದಿಲ್ಲ.
ಹಿಮ್ಮಡಿ ನೋಡುತ್ತೇನೆ.
ಲಿಫ್ಟಿನಿಂದ ಹೊರಬರುವ ಮೊದಲ ಹೆಜ್ಜೆಯಲ್ಲೇ ಗೊತ್ತಾಗುತ್ತದೆ
ಯಾರ ಮೊಣಕಾಲು ಮೆಟ್ಟಿಲಿಗೆ ಬೈಯುತ್ತಿದೆ,
ಯಾರು ನಿನ್ನೆ ಹೇಳಿದ್ದನ್ನು ಮಾಡದೆ
ಮಾಡಿದೆ ಅನ್ನಲಿದ್ದಾರೆ.

ಹಳೆಯ ಬ್ಯಾಡ್ಮಿಂಟನ್ ಅಂಗಳಕ್ಕೆ ಹೊಸ ನೀಲಿ ಬಣ್ಣ.
ತೂತು ತೂತಿನ ಹಳದಿ ಚೆಂಡು
ಯಾರೋ ಬಾಗಿಲು ಬಡಿದ ಹಾಗೆ ಟಕ್ಕೆನ್ನುತ್ತದೆ.
ಮೊದಲ ಮಹಡಿಯ ಹಸುಮತಿಬೆನ್ ಒಂದು ವಾರ
ನಿಜಕ್ಕೂ ಬಾಗಿಲು ತೆರೆದು ನೋಡಿದ್ದರಂತೆ.
ಈಗ ಅವರದೇ ಸರ್ವ್. ಸೆರಗು ಸೊಂಟಕ್ಕೆ,
ಕಾಲಿಗೆ ಮೊಮ್ಮಗನ ಬೂಟು, ಒಂದು ಅಳತೆ ದೊಡ್ಡದು.
ಅದಕ್ಕೇ ನಾನು ಇಲ್ಲಿ ಮೊದಲ ಜಗಳ ಆಡಿದ್ದು.

ತಲರೇಜಾ ಬ್ಯಾಟು ಹಿಡಿಯುವುದು
ಎಂಟೂ ಹತ್ತರ ಫಾಸ್ಟ್ ಲೋಕಲಿನ ಹಿಡಿಕೆಯಂತೆ,
ಬಿಟ್ಟರೆ ಸತ್ತೆ ಎಂಬಂತೆ.
ಅವರ ಮೊಣಕೈ ನೋವಿಗೆ ಎಕ್ಸ್‌ರೇ ಬೇಡ.
ಸಡಿಲಿಸಿ, ರಿಟೈರಾಗಿದ್ದೀರಿ,
ಇನ್ನು ಯಾವ ಗಾಡಿಯೂ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಐತಪ್ಪ ಕುಂದರ್ ಬಂದದ್ದು ಕುಂಟುತ್ತ.
ಫೋರ್ಟಿನ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ
ದೋಸೆ ಕಾವಲಿಯ ಮುಂದೆ ನಿಂತವರು.
"ನಿಂತೇ ಬದುಕಿದವ ನಾನು, ನನಗೆ ಕಾಲಿನ ಪಾಠವಾ ಮಾರಾಯ್ತಿ?"
ನಿಂತ ಕಾಲು ಬೇರೆ, ಓಡುವ ಕಾಲು ಬೇರೆ, ಅಂದೆ.
ಇಷ್ಟು ವರ್ಷ ಕಂಬವಾಗಿದ್ದ ಮೀನಖಂಡಕ್ಕೆ
ಒಂದೇ ಬೆಳಿಗ್ಗೆ ಸ್ಪ್ರಿಂಗ್ ಆಗು ಅಂದಿರಿ.
ತಲೆಯ ಮೇಲೆ ಹೋದ ಚೆಂಡಿಗೆ
ಹಿಂದೆ ಹಿಂದೆ ಓಡಿದಿರಿ, ಬೆನ್ನಿಗೆ ಕಣ್ಣಿದ್ದವರಂತೆ.
ಹಾಗೆ ಬಿದ್ದವರ ಮಣಿಕಟ್ಟು ಬೇಕಾದಷ್ಟು ನೋಡಿದ್ದೇನೆ.
ಹಿಮ್ಮಡಿಯ ಹುರಿ ಹರಿದಿಲ್ಲ, ಪುಣ್ಯ,
ಹರಿಯುವ ಮೊದಲಿನ ನೋಟೀಸು ಕಳಿಸಿದೆ, ಅಷ್ಟೆ.

ಆರು ವಾರ. ಮೆಟ್ಟಿಲಂಚಿಗೆ ಬೆರಳೂರಿ
ಏರುವುದು ಒಂದು ಎಣಿಕೆ, ಇಳಿಯುವುದು ನಾಲ್ಕು.
ಇಳಿಯುವಾಗ ಅವಸರ ಬೇಡ, ಬಲ ಬರುವುದೇ ಅಲ್ಲಿ.
(ಕಾಲಿಗಷ್ಟೇ ಹೇಳಿದ್ದು ನಾನು.
ಅವರು ಬೇರೇನೋ ಕೇಳಿಸಿಕೊಂಡವರಂತೆ ಸುಮ್ಮನಾದರು.)
ಹಲ್ಲುಜ್ಜುವಾಗ ಒಂಟಿ ಕಾಲು.
ಬಾಗಿಲ ಹಿಡಿಗೆ ಕಟ್ಟಿದ ರಬ್ಬರ್ ಪಟ್ಟಿ, ಭುಜಕ್ಕೆ.
ಬೇಸರದ ಕೆಲಸ. ಚಪ್ಪಾಳೆಯಿಲ್ಲ, ಪಾಯಿಂಟಿಲ್ಲ.

ಒಂದು ದಿನ ಪಟ್ಟಿ ಎಳೆಯುತ್ತ ಅವರೇ ತೆಗೆದರು:
"ತಣ್ಣಗಿನ ಕಾವಲಿಗೆ ಹಿಟ್ಟು ಹೊಯ್ದರೆ ಏನಾಗುತ್ತದೆ ಗೊತ್ತುಂಟಾ?
ಏಳುವುದಿಲ್ಲ. ಎಳೆದರೆ ಹರಿಯುತ್ತದೆ.
ಮೊದಲು ಬೆಂಕಿ. ಅರ್ಧ ಈರುಳ್ಳಿಗೆ ಎಣ್ಣೆ ಮುಟ್ಟಿಸಿ ಉಜ್ಜಬೇಕು,
ನೀರು ಚಿಮುಕಿಸಬೇಕು,
ಅದು ಚುಂಯ್ ಅಂದ ಮೇಲೆ ಮೊದಲ ಸೌಟು,
ಗಿರಾಕಿ ಎಷ್ಟು ಬೊಬ್ಬೆ ಹೊಡೆದರೂ.
ನೀನು ಹೇಳುವುದು ಇದನ್ನೇ ಅಲ್ಲವಾ?"

ನಾಲ್ಕೂವರೆ ವರ್ಷ ಓದಿದ್ದೆ ನಾನು.
ಒಂದು ಪುಸ್ತಕವೂ ಇಷ್ಟು ಚೊಕ್ಕಟವಾಗಿ ಹೇಳಿರಲಿಲ್ಲ.
ಮರುದಿನದಿಂದ ಅಂಗಳದಲ್ಲಿ ಅದೇ ಮಾತು,
ಗೋಗಟೆ ತಲರೇಜಾರಿಗೆ, ತಲರೇಜಾ ಹಸುಮತಿಬೆನ್‌ಗೆ:
"ತವಾ ಗರಮ್ ಕಿಯಾ ಕ್ಯಾ?"
ತೋಳು ತಿರುಗುತ್ತವೆ, ಮಂಡಿ ಎದೆಗೇರುತ್ತವೆ,
ನೀಲಿ ಅಂಗಳದ ಸುತ್ತ ಎರಡು ಸುತ್ತು ಅಡ್ಡ ನಡಿಗೆ,
ವಾಚ್‌ಮನ್ ಕೂಡ ಕುರ್ಚಿಯಲ್ಲೇ ಪಾದ ಆಡಿಸುತ್ತಾನೆ.

ಬಲೆಯ ಎರಡೂ ಬದಿಗೆ ಏಳೇಳು ಅಡಿ,
ಆ ಜಾಗಕ್ಕೆ ಈ ಆಟದಲ್ಲಿ ಕಿಚನ್ ಅಂತ ಹೆಸರು.
ಅಲ್ಲಿ ನಿಂತು ಗಾಳಿಯಲ್ಲಿರುವ ಚೆಂಡಿಗೆ ಕೈ ಮಾಡಕೂಡದು.
"ಕೊನೆಗೂ ನನ್ನನ್ನು ಹೊರಗೆ ಹಾಕಿದರು ನೋಡು,"
ಐತಪ್ಪ ನಗುತ್ತಾರೆ. ಗೆರೆಯಿಂದ ಒಂದು ಗೇಣು ಹಿಂದೆ,
ಮಂಡಿ ತುಸು ಬಾಗಿಸಿ, ನಾನು ಹೇಳಿದಷ್ಟೇ.
ಚೆಂಡು ಬರುತ್ತದೆ. ಮಣಿಕಟ್ಟಿನ ಒಂದು ಸಣ್ಣ ತಿರುವು,
ದೋಸೆ ಮಗುಚುವಷ್ಟು, ಅದಕ್ಕಿಂತ ಕೂದಲೂ ಹೆಚ್ಚಿಲ್ಲ.
ಬಲೆಯಾಚೆ ಅದು ಮೆತ್ತಗೆ ಮಲಗುತ್ತದೆ.

ಮುಂದಿನದು ಎತ್ತರ.
ನೆತ್ತಿಯ ಮೇಲಿಂದ ನೇರ ಹಿಂದಕ್ಕೆ.
ನನ್ನ ಉಸಿರು ಗಂಟಲಲ್ಲೇ.
ಅವರು ನೋಡಿದರು. ನಿಂತರು. ಬಿಟ್ಟರು.

"ಹೋಗಲಿ," ಅಂದರು, "ಅದು ಪಾರ್ಸೆಲ್."