ಹೊಲಿಗೆ ಬಿಚ್ಚಿದ ಕಾದಂಬರಿ

ತೀನ್ ಕಂದಿಲ್ ಹಿಂದಿನ ರದ್ದಿ ಅಂಗಡಿಯಲ್ಲಿ
ತಕ್ಕಡಿಗೆ ಬೀಳುವ ಮೊದಲೇ ಎತ್ತಿಕೊಂಡೆ.
ಇಪ್ಪತ್ತು ರೂಪಾಯಿ.
ಮುಖಪುಟದಲ್ಲಿ ಕುದುರೆ ಇತ್ತು,
ಸವಾರನ ತಲೆಯನ್ನು ಗೆದ್ದಲು ತಿಂದಿತ್ತು.
ಒಳಗೆ ಲಿಂಗಸುಗೂರು ಕಡೆಯ ಯಾವುದೋ ಶಾಲೆಯ ನೇರಳೆ ಮುದ್ರೆ,
ಅದರ ಕೆಳಗೆ ಮಕ್ಕಳ ಅಕ್ಷರ:
ಕದ್ದವರಿಗೆ ಕಣ್ಬೇನೆ ಬರಲಿ.

(ಆ ಬೇಸಿಗೆ ನನಗೆ ಬಂತು. ಅದು ಬೇರೆ ಮಾತು.)

ಸೀರೆಗೆ ಫಾಲ್ ಹಚ್ಚುವುದು ನನ್ನ ಕೆಲಸ.
ಕಾಯುವವರಿಗೆ ಒಂದು ಸ್ಟೂಲು, ಒಂದು ಫ್ಯಾನು,
ಈಗ ಒಂದು ರಾಜ್ಯ.
ಓದುತ್ತ ಕೂತವರು ಸೀರೆ ಮರೆತು
ಪುಸ್ತಕ ಒಯ್ಯತೊಡಗಿದರು.

ಮೊದಲು ಸೂಗಮ್ಮ, ದೊಡ್ಡ ಆಸ್ಪತ್ರೆಯ ನರ್ಸು.
ನಾಲ್ಕು ರಾತ್ರಿ ಪಾಳಿಯಲ್ಲಿ ಮುಗಿಸಿ ತಂದಳು.
"ಹನ್ನೆರಡನೇ ಅಧ್ಯಾಯದಾಗ ಸಾವಿರ ಮಂದಿಗೆ ಗಾಯ ಆಗ್ತಾವ,
ಹದಿಮೂರರಾಗ ಒಬ್ಬನೂ ನೀರು ಕೇಳಂಗಿಲ್ಲ.
ಹಂಗಿರ್ತದೇನ್ರೀ?"

ದೇವಸೂಗೂರಿನ ಅಂಬಿಗರ ತಾಯಪ್ಪನಿಗೆ ಓದು ಬಾರದು.
ಮಗಳು ಓದಿ ಹೇಳಿದಳಂತೆ, ಮೂರು ಸಂಜೆ.
"ಹೊಳಿ ತುಂಬಿ ಬಂದಾಗ
ಹತ್ತು ಸಾವಿರ ಕುದುರಿ ಒಂದ ರಾತ್ರಿಗೆ ದಾಟಿದ್ವಂತ!
ನನ್ನ ಹರಗೋಲಿಗೆ ಒಂದು ಆಡು ಹತ್ತಿಸಾಕ
ಅರ್ಧ ತಾಸು ಬೇಕು."
ನಕ್ಕ, ನಕ್ಕು ಕೆಮ್ಮಿದ.
ಆಮೇಲೆ ಮೆಲ್ಲಗೆ,
"ಅದನ್ನಷ್ಟ ಎರಡು ಸಲ ಓದಿಸಿದೆ. ಸುಳ್ಳು ಚಂದ ಐತಿ."

ಕಲ್ಲು ಒಡೆಯುವ ಯಂಕೋಬ ಪೂರ್ತಿ ಓದಲೇ ಇಲ್ಲ.
ಕೋಟೆ ಕಟ್ಟಿದ ಭಾಗ ಎಲ್ಲಿ ಎಂದು ಹುಡುಕಿದ.
ಸಿಕ್ಕದ್ದು ಎರಡೇ ಪದ: ಕೋಟೆ ಎದ್ದಿತು.
ಕೋಟೆ ಗೋಡೆಯಲ್ಲಿ ಆ ಉದ್ದನೆಯ ಕಲ್ಲಿದೆಯಲ್ಲ,
ಬಂಡಿಗೆ ಕೋಣ ಹೂಡಿ ಎಳೆತಂದದ್ದನ್ನೂ
ಪಕ್ಕದಲ್ಲೇ ಕೊರೆದಿಟ್ಟಿದ್ದಾರಲ್ಲ,
ಅದನ್ನು ನೋಡುತ್ತ ಬೆಳೆದವನು.
ನನ್ನ ಗುರುತು ಹಾಕುವ ಸೀಮೆಸುಣ್ಣ ಇಸಿದುಕೊಂಡು
ಅಂಚಿನಲ್ಲಿ ಬರೆದ: ಕೋಣ?

ನನ್ನ ತಕರಾರು ಇನ್ನೂ ಸಣ್ಣದು.
ಯುದ್ಧದ ಬೆಳಿಗ್ಗೆ ರಾಣಿ ಉಟ್ಟದ್ದು ಹಸಿರು,
ಮಧ್ಯಾಹ್ನದ ಹೊತ್ತಿಗೆ ಅದೇ ಸೀರೆ ನೀಲಿ.

ಅಂದ್ರೂನ್ ಕಿಲ್ಲಾದ ಮೆಹರಾಜ್ ಆಪಾ ಒಂದು ತಿಂಗಳು ಇಟ್ಟುಕೊಂಡರು.
ಅಂಗನವಾಡಿಯಲ್ಲಿ ಮೂವತ್ತು ವರ್ಷ
ನಮ್ಮ ಮಕ್ಕಳಿಗೆ ಅ ಆ ತಿದ್ದಿಸಿದವರು.
ಕಾದಂಬರಿ ಮುತ್ತಿಗೆ ಹಾಕುವ ಗೋಡೆಯ ಒಳಗೇ ಅವರ ಮನೆ.
"ಹೆಂಗಿತ್ತು?" ಅಂದೆ.
ಬ್ಲೌಸಿನ ಅಳತೆ ಕೊಡುತ್ತ, ಕೈ ಎತ್ತಿಕೊಂಡೇ ಅಂದರು,
"ಬುರುಜಿನ ಮ್ಯಾಲೆ ಒಬ್ಬ ಫಿರಂಗಿ ಹಚ್ಚಾಂವ ಬರ್ತಾನಲ್ಲ,
ಮೂರು ಸಾಲಿನಾಗ ಸತ್ತ.
ಕಣ್ಣು ಕ್ರೂರ ಇದ್ವು ಅಂತ ಬರದಾರ, ಹೆಸರು ಬರದಿಲ್ಲ.
ನೀರಿಗೆ ನಮ್ಮ ಗಲ್ಲಿ ಹಾದೇ ಹೋಗಿರ್ತಿದ್ದ."
ಅಷ್ಟೇ.
ತೋಳು ಸ್ವಲ್ಪ ಸಡಿಲ ಇರಲಿ ಅಂದರು.

ನಾನು ಆ ಪುಟ ಎರಡು ಸಲ ಓದಿದ್ದೆ.
ಅವನು ಉರುಳಿದಾಗ ಎರಡು ಸಲವೂ
ಖುಷಿಪಟ್ಟಿದ್ದೆ.

ಅಷ್ಟು ಕೈ ದಾಟಿ ಬೆನ್ನು ಬಿಚ್ಚಿತ್ತು.
ದಬ್ಬಳ ತೆಗೆದೆ, ಗೋಣಿದಾರಕ್ಕೆ ಮೇಣ ಸವರಿದೆ.
ಇನ್ನೂರ ಹದಿನಾಲ್ಕನೇ ಪುಟ,
ಹೊಲಿಗೆಯ ಕಡೆಗೆ, ಯಾರಿಗೂ ಕಾಣದ ಹಾಗೆ
ಪೆನ್ಸಿಲ್ಲಿನಲ್ಲಿ ಉರ್ದು,
ಅಕ್ಕಿಕಾಳಿನಷ್ಟು.
ಹೆಸರೇ ಇರಬೇಕು. ಯಾವ ಹೆಸರೋ.
ನನಗೆ ಓದಲು ಬಾರದು, ಕೇಳಲೂ ಇಲ್ಲ.

ದಾರ ನೇರ ಹೋದರೆ ಅದರ ಮೇಲೇ ಹೋಗುತ್ತಿತ್ತು.
ಒಂದು ಬೆರಳು ಆಚೆ ಸರಿಸಿ ಹೊಲಿದೆ.
ಹೊಲಿಗೆ ಸೊಟ್ಟ,
ನನ್ನ ಅಂಗಡಿಯಲ್ಲಿ ಆ ಮಾತು ಯಾರೂ ಆಡಿದ್ದಿಲ್ಲ.
ಈಗ ಪುಸ್ತಕ ಸರಿಯಾಗಿ ಮುಚ್ಚುವುದಿಲ್ಲ.

ನಿನ್ನೆ ಸಿಲಿಂಡರ್ ತರುವ ಹುಡುಗ
ಸ್ಟೂಲಿನ ಮೇಲಿಂದ ಎತ್ತಿ ಮಗುಚಿ ನೋಡಿದ:
"ಅಕ್ಕ, ಕಡೀಕ ಯಾರು ಗೆಲ್ತಾರ?"
ನನ್ನ ಬಾಯ್ತುಂಬ ಟಾಚಣಿ ಇದ್ದವು.
ಒಯ್ಯಿ ಎಂದು ಕೈ ಮಾಡಿದೆ.